ಸತ್ತ ಕಂಪ್ಯೂಟರಿನ ಮಾತು ಕೇಳುತ್ತಿದ್ದ ಎಬೋ

ಎಬೋ ಬೆಂಟ್ಸಿಲ್ ಎಂಬ ಹೆಸರು ಮನ್ಸಾಳ ಕಿವಿಗೆ ಮೊದಲು ಬಿದ್ದದ್ದು ಒಂದು ಶನಿವಾರ, ತೀರಿಕೊಂಡ ಹೆಡ್‌ಮಾಸ್ಟರರೊಬ್ಬರ ಶವಸಂಸ್ಕಾರದ ಪೆಂಡಾಲಿನಲ್ಲಿ. ಸ್ವೆಡ್ರು ಊರಿನಲ್ಲಿ ಸಾವಿನ ಮನೆಗೆ ಬಂದವರ ಕೈಗೆ ಮೊದಲು ಕೊಡುವುದು ಪುಸ್ತಿಕೆ. ಹೊಳಪು ಹಾಳೆಯಲ್ಲಿ ಸತ್ತವರ ಫೋಟೋ, ಮಕ್ಕಳು ಮೊಮ್ಮಕ್ಕಳ ಹೆಸರು, ಹಾಡಬೇಕಾದ ಹಾಡು, ಎಲ್ಲವೂ ಅದರಲ್ಲಿರುತ್ತದೆ. ಓದುವವರು ಓದುತ್ತಾರೆ, ಉಳಿದವರು ಗಾಳಿ ಬೀಸಿಕೊಳ್ಳುತ್ತಾರೆ. ಅವತ್ತು ಯಾರ ಕೈಯಲ್ಲೂ ಪುಸ್ತಿಕೆ ಇರಲಿಲ್ಲ. ಜನ ಕರವಸ್ತ್ರ ಬೀಸುತ್ತ, ಟೋಪಿ ಬೀಸುತ್ತ, ಒಬ್ಬ ಮುದುಕರಂತೂ ಚಪ್ಪಲಿ ಬೀಸುತ್ತ ಕೂತಿದ್ದರು. ಅವರು ಬೀಸಿದಾಗಲೆಲ್ಲ ಮನ್ಸಾಳಿಗೆ ತನ್ನ ಕೆನ್ನೆಗೇ ಬಿದ್ದಂತಾಗುತ್ತಿತ್ತು. ಪುಸ್ತಿಕೆ ಅಚ್ಚುಹಾಕಿ ಕೊಡಬೇಕಾಗಿದ್ದವಳು ಅವಳೇ.

ಪಕ್ಕದ ಕುರ್ಚಿಯಲ್ಲಿ ಬಟ್ಟೆ ಅಂಗಡಿಯ ಎಸಾಬಾ ಕೂತಿದ್ದಳು. ಬಾಯಿಗೆ ಬೀಗವಿಲ್ಲದ ಹೆಂಗಸು.

"ನಿನ್ನ ಕಂಪ್ಯೂಟರ್ ಕೈ ಕೊಡ್ತಂತೆ?"

"ಕೈ ಕೊಡೋದೇನು, ಪ್ರಾಣಾನೇ ಬಿಡ್ತು. ಮುಖ ನೀಲಿಗೆ ತಿರುಗ್ತು. ಏನಾಯ್ತು ಅಂತ ನೋಡೋಷ್ಟರಲ್ಲಿ ಏನೂ ಆಗದೇ ಇರೋ ಹಾಗೆ ತಾನೇ ಎದ್ದು ಕೂತ್ಕೊಳ್ತು. ಮಾಡಿದ್ದೆಲ್ಲ ಮಾಯ. ಮಾರನೇ ದಿನ ಮತ್ತೆ ಮಾಡೋಕೆ ಕೂತ್ರೆ ಮತ್ತೆ ಸಾಯುತ್ತೆ, ಮತ್ತೆ ಏಳುತ್ತೆ."

"ಹಾಗಾದ್ರೆ ಅದು ಕಂಪ್ಯೂಟರ್ ಅಲ್ಲ ಕಣೆ, ನನ್ನ ಎರಡನೇ ಗಂಡ."

ಸಾವಿನ ಪೆಂಡಾಲಿನಲ್ಲಿ ನಗಬಾರದೆಂದು ಮನ್ಸಾ ತುಟಿ ಕಚ್ಚಿಕೊಂಡಳು. ಎಸಾಬಾ ಮಾತ್ರ ನಗದೆ ಹೇಳಿದಳು: "ಲಾರಿ ಸ್ಟ್ಯಾಂಡಿನ ಹಿಂದೆ ಎಬೋ ಬೆಂಟ್ಸಿಲ್ ಅಂತ ಒಬ್ಬ ಇದಾನೆ. ಸತ್ತ ಕಂಪ್ಯೂಟರನ್ನ ಮಾತಾಡಿಸ್ತಾನಂತೆ. ಹೋಗಿ ನೋಡು."

"ಮಂತ್ರಗಾರನಾ?"

"ಮಂತ್ರಗಾರ ಆಗಿದ್ರೆ ಮಹಡಿ ಮನೆ ಕಟ್ಟಿಸ್ತಿದ್ದ. ಬರೀ ನಿಧಾನದ ಮನುಷ್ಯ."

ಮಣ್ಣು ಮುಗಿದು ಜನ ಚದುರುವಾಗ ಎಗ್ಯಾ ಓಟು ಕೋಲೂರಿಕೊಂಡು ಮನ್ಸಾಳ ಹತ್ತಿರ ಬಂದರು. ಅವಳ ಗಂಡ ಆರ್ಹಿನ್‌ನ ತಾಯಿಯ ಕುಲಕ್ಕೆ ಅವರೇ ಹಿರಿಯರು; 'ಎಗ್ಯಾ' ಎಂದರೆ ಅಪ್ಪ, ಹಿರಿಯರನ್ನು ಕರೆಯುವ ಮಾತು. ಆ ಸೀಮೆಯಲ್ಲಿ ಗಂಡಸಿನ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತದೆ. ಆರ್ಹಿನ್ ಸತ್ತಾಗ ಅವನ ಅಚ್ಚಿನ ಅಂಗಡಿ ಅಕ್ಕನ ಮಗ ಕೋಬಿನಾನ ಪಾಲಿಗೆ ಬರಬೇಕಾಗಿತ್ತು. ನಡೆಸುವಷ್ಟು ದಿನ ನಡೆಸಲಿ ಎಂದು ಕುಲದವರು ಅದನ್ನು ವಿಧವೆಯ ಕೈಯಲ್ಲಿ ಬಿಟ್ಟಿದ್ದರು. ಮಕ್ಕಳಿಲ್ಲದ ಮನ್ಸಾಳಿಗೆ ಊಟ, ಕೆಲಸ, ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ, ಎಲ್ಲವೂ ಆ ಅಂಗಡಿಯೇ.

"ಮನ್ಸಾ, ಇವತ್ತು ನಾನು ತಲೆ ಎತ್ತೋ ಹಾಗಿರಲಿಲ್ಲ," ಎಂದರು ಓಟು. "ಇನ್ನೊಂದು ಸಾವಿನ ಮನೇಲಿ ಹೀಗಾದ್ರೆ ಬೀಗದ ಕೈ ಕೋಬಿನಾಗೆ ಕೊಡಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ."

ಹಿಂದೆಯೇ ಕೋಬಿನಾ ನಿಂತಿದ್ದ. ಸೋದರಮಾವನ ಹೆಂಡತಿಯನ್ನು 'ನನ್ನ ಹೆಂಡ್ತಿ' ಎಂದು ರೇಗಿಸುವುದು ಅವರಲ್ಲಿ ಹಳೆಯ ಸಲಿಗೆ. "ನನ್ನ ಹೆಂಡ್ತೀ," ಎಂದ ಅವನು, "ಮಾವ ಇದ್ದಾಗ ಒಂದು ದಿನ ಆದ್ರೂ ಸತ್ತಿತ್ತಾ ಅದು? ಯಜಮಾನ ಯಾರು ಅಂತ ಯಂತ್ರಕ್ಕೂ ಗೊತ್ತಿರುತ್ತೆ."

ಅವನು ತಮಾಷೆಗೇ ಅಂದ. ಮನ್ಸಾಳ ಎದೆಯಲ್ಲಿ ಅದು ಮುಳ್ಳಿನಂತೆ ಮುರಿದುಕೊಂಡಿತು. ಯಾಕೆಂದರೆ ಮಾತು ನಿಜ. ಆರ್ಹಿನ್ ಇರುವವರೆಗೆ ಆ ಕಂಪ್ಯೂಟರ್ ಒಂದು ಸಲ ಸೀನಿರಲೂ ಇಲ್ಲ.

ಸೋಮವಾರ ಅವಳು ಲಾರಿ ಸ್ಟ್ಯಾಂಡಿನ ಹಿಂದಕ್ಕೆ ಹೋದಳು. ಹಳೆಯ ಕಬ್ಬಿಣದ ಕಂಟೇನರೊಂದಕ್ಕೆ ಕಿಟಕಿ ಕೊರೆದು ಎಬೋ ಅದನ್ನೇ ಅಂಗಡಿ ಮಾಡಿಕೊಂಡಿದ್ದ. ಮೇಜಿನ ಮೇಲೆ ಕಂಪ್ಯೂಟರುಗಳು ಹೊಟ್ಟೆ ಸೀಳಿದ ಮೀನಿನ ಹಾಗೆ ಸಾಲಾಗಿ ಮಲಗಿದ್ದವು. ಅವುಗಳ ನಡುವೆ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಒಬ್ಬ ಗಂಡಸು ಸುಟ್ಟ ಬಾಳೆಕಾಯಿಯನ್ನು ಕಡಲೆಕಾಯಿ ಬೀಜದ ಜೊತೆ ತಿನ್ನುತ್ತಿದ್ದ. ಮುಂದೆ ಮನ್ಸಾ ಅವನನ್ನು ನೋಡಿದ ಅಷ್ಟೂ ವರ್ಷಗಳಲ್ಲಿ ಅವನ ಕೈಯಲ್ಲಿ ಒಂದೋ ಸ್ಕ್ರೂಡ್ರೈವರ್ ಇರುತ್ತಿತ್ತು, ಇಲ್ಲವೇ ಬಾಳೆಕಾಯಿ.

ಅವನು ಹುಟ್ಟಿದ್ದು ಸಮುದ್ರದ ಮಗ್ಗುಲಿನ ಆಪಾಮ್‌ನಲ್ಲಿ, ಬೆಸ್ತರ ಮನೆಯಲ್ಲಿ. ಅಪ್ಪನ ದೋಣಿ ಹತ್ತಿದ ಮೊದಲ ದಿನವೇ ಕರುಳು ಬಾಯಿಗೆ ಬರುವಂತೆ ವಾಂತಿ ಮಾಡಿಕೊಂಡ. ಎರಡನೆಯ ದಿನವೂ ಅದೇ. ಮೂರನೆಯ ಸಲ ಅಪ್ಪ ದೋಣಿಯನ್ನು ಅರ್ಧ ದಾರಿಯಿಂದ ತಿರುಗಿಸಿ ತಂದು, ಎಲ್ಲರೆದುರು ಮರಳಿನ ಮೇಲೆ ಇಳಿಸಿದನಂತೆ. ಬೆಸ್ತನ ಮಗನಿಗೆ ಸಮುದ್ರವೇ ಆಗದು ಎಂದು ಕೇರಿಯೆಲ್ಲ ನಕ್ಕಿತು. ತಾಯಿ ಅವನನ್ನು ಸ್ವೆಡ್ರುವಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ತನ್ನ ಅಣ್ಣನ ಹತ್ತಿರ ಕಳಿಸಿಬಿಟ್ಟಳು. ರೇಡಿಯೋ ಹೋಗಿ ಟೇಪ್ ಬಂತು, ಟೇಪ್ ಹೋಗಿ ಟೀವಿ ಬಂತು. ಆಮೇಲೆ ಯಾವುದೋ ದೇಶದ ಕಚೇರಿಗಳು ಬಿಸಾಡಿದ ಕಂಪ್ಯೂಟರುಗಳು ಹಡಗಿನಲ್ಲಿ ಬಂದು ಪೇಟೆಯಲ್ಲಿ ರಾಶಿ ಬಿದ್ದವು. ಎಬೋ ಒಂದನ್ನು ಕೊಂಡು ತಂದ. ಅದನ್ನು ಬಿಚ್ಚಿ, ಜೋಡಿಸಿ, ಕೆಡಿಸಿ, ಮತ್ತೆ ಬಿಚ್ಚಿ, ಹೆಂಡತಿ ಊಟಕ್ಕೆ ಕರೆದದ್ದೂ ಕೇಳಿಸದ ಹಾಗೆ ಕಲಿತ. ಅವಳು ಕುಮಾಸಿಯ ಪೇಟೆಗೆ ವ್ಯಾಪಾರಕ್ಕೆ ಹೋದವಳು ಕ್ರಿಸ್ಮಸ್ಸಿಗೆ ಮಾತ್ರ ಬರುತ್ತಿದ್ದಳು. "ಆ ಪೆಟ್ಟಿಗೆಗೆ ಏನಾಯ್ತು, ಎಲ್ಲಿ ನೋವು ಅಂತ ನೂರು ಸಲ ಕೇಳ್ತಾನೆ. ನನ್ನನ್ನ ಒಂದು ಸಲ ಕೇಳ್ಲಿ ನೋಡೋಣ," ಎನ್ನುವುದು ಅವಳ ದೂರು. ಅದು ಸುಳ್ಳೂ ಆಗಿರಲಿಲ್ಲ.

ಊರಿನ ಬೇರೆ ರಿಪೇರಿಯವರು ಕೆಟ್ಟ ಕಂಪ್ಯೂಟರನ್ನು ನೋಡಿದೊಡನೆ ಒಳಗಿದ್ದದ್ದನ್ನೆಲ್ಲ ಒರೆಸಿ ಹೊಸದಾಗಿ ತುಂಬಿ ಕೊಡುತ್ತಿದ್ದರು. ಎಬೋ ಮಾತ್ರ ಅದು ಯಾಕೆ ಸತ್ತಿತೆಂದು ತಿಳಿಯದೆ ಒರೆಸುತ್ತಿರಲಿಲ್ಲ. ಗಿರಾಕಿಗಳು ಕಾದು ಕಾದು ಬೈದುಕೊಂಡು ಬೇರೆ ಕಡೆ ಹೋಗುತ್ತಿದ್ದರು.

"ಸಾಯೋ ಮುಂಚೆ ಏನು ಮಾಡ್ತಿತ್ತು?" ಎಂದು ಮನ್ಸಾಳನ್ನು ಕೇಳಿದ.

"ನನಗೇನು ಗೊತ್ತು ಮಾಸ್ಟರ್? ನಾನು ಹಾಳೆ ಮಡಚೋಳು, ಪಿನ್ ಹೊಡೆಯೋಳು. ಓದಿದ್ದು ಎರಡನೇ ಕ್ಲಾಸು."

"ಏನಾದ್ರೂ ನೋಡಿರ್ತೀರಲ್ಲ."

ಅವಳು ಯೋಚಿಸಿದಳು. "ದೊಡ್ಡ ಸಾವು ಬಂದಾಗ್ಲೇ ಸಾಯುತ್ತೆ. ಬಡವರ ಪುಸ್ತಿಕೆ ಮಾಡುವಾಗ ಸುಮ್ಮನಿರುತ್ತೆ."

ಎಬೋ ತಿನ್ನುವುದನ್ನು ನಿಲ್ಲಿಸಿದ. "ಇದು ಒಳ್ಳೇ ಮಾತು ಹೇಳಿದ್ರಿ," ಎಂದು ಎದ್ದು ಚಪ್ಪಲಿ ಮೆಟ್ಟಿದ.

ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಎಕುಬಾ ಇದ್ದಳು. ಆರ್ಹಿನ್‌ನ ಕಾಲದಿಂದಲೂ ಪುಸ್ತಿಕೆ ಜೋಡಿಸುವುದು ಅವಳ ಕೆಲಸ. ಎರಡು ಮಕ್ಕಳ ತಾಯಿ, ಬಾಯಿ ಸ್ವಲ್ಪ ಚುರುಕು. ಕಂಪ್ಯೂಟರಿನ ಹೊಟ್ಟೆಯಲ್ಲಿ ಎರಡು ಡಿಸ್ಕ್. ಒಂದು ಒಳಗೇ ಕೂತದ್ದು. ಇನ್ನೊಂದನ್ನು ಆರ್ಹಿನ್ ಮೇಜಿನ ಡ್ರಾಯರಿನಂತೆ ಎಳೆದು ತೆಗೆಯುವ ಹಾಗೆ ಮಾಡಿಸಿದ್ದ. ಊರಿನ ಸತ್ತವರ ಫೋಟೋಗಳೆಲ್ಲ ಇದ್ದದ್ದು ಅದರಲ್ಲಿ. ಕಳ್ಳರ ಭಯಕ್ಕೆ ಸಂಜೆ ಅದನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ಯುತ್ತಿದ್ದ. ಅವನು ಹೋದ ಮೇಲೆ ಮನ್ಸಾ ಒಯ್ಯುತ್ತಿದ್ದಳು. ಬೆಳಿಗ್ಗೆ ಗಂಡನ ಮುದಿ ತಾಯಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಡಿಸ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಅಂಗಡಿಗೆ ಬರುವುದು ಅವಳ ದಿನಚರಿ.

ಎಬೋ ಬಂದವನೇ ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿದ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.

"ಆಂಟಿ, ಎಸಾಬಾ ಅಂಗಡೀಲಿ ಮುಂದೊಂದು ಮೇಜು ಇದೆಯಲ್ಲ, ಅದು ತುಂಬಿ ಹೋದ್ರೆ ಏನು ಮಾಡ್ತಾಳೆ?"

"ಮಿಕ್ಕ ಬಟ್ಟೇನ ಮೇಜಿನ ಕೆಳಗಿನ ಮೂಟೆಗೆ ತುರುಕ್ತಾಳೆ. ಗಿರಾಕಿ ಕೇಳಿದ್ರೆ ತೆಗೀತಾಳೆ."

"ಇದೂ ಅಷ್ಟೆ. ಇದರ ಮೆಮೊರಿ ಅನ್ನೋದು ಮೇಜು. ದೊಡ್ಡ ದೊಡ್ಡ ಫೋಟೋ ತೆರೆದ್ರೆ ಮೇಜು ತುಂಬುತ್ತೆ. ಮಿಕ್ಕದ್ದನ್ನ ಡಿಸ್ಕಿನಲ್ಲಿರೋ ಮೂಟೆಗೆ ಹಾಕುತ್ತೆ. ನಿಮ್ಮೋರು ಒಳಗಿನ ಡಿಸ್ಕಿನಲ್ಲಿ ಜಾಗ ಇಲ್ಲ ಅಂತ ಮೂಟೇನ ಪೂರ್ತಿ ಈ ಡ್ರಾಯರ್ ಡಿಸ್ಕಿಗೆ ಸಾಗಿಸಿದ್ದಾರೆ. ಇರಲಿ, ಅದು ತಪ್ಪಲ್ಲ. ಮೂಟೆ ಇದೆ, ನೋಡಿ, ಚೆನ್ನಾಗೇ ಇದೆ."

"ಮತ್ತೆ ಯಾಕೆ ಸಾಯುತ್ತೆ?"

"ಅದನ್ನ ಅದೇ ಹೇಳಬೇಕು. ಕಂಪ್ಯೂಟರ್ ಬೀಳೋ ಹೊತ್ತಿಗೆ ಕೈಲಿದ್ದದ್ದನ್ನೆಲ್ಲ ಒಂದು ಕಡೆ ಸುರಿದು ಬೀಳುತ್ತೆ, ಯಾಕೆ ಬಿದ್ದೆ ಅಂತ ನಮಗೆ ಗೊತ್ತಾಗ್ಲಿ ಅಂತ. ಆ ಸುರಿಯೋ ಜಾಗ ಒಳಗಿನ ಡಿಸ್ಕಿನಲ್ಲೇ ಇರಬೇಕು. ಇಲ್ಲಿ ಅಂಗೈಯಷ್ಟೂ ಬಿಟ್ಟಿಲ್ಲ. ಪಾಪ, ಇದು ಬಾಯಿ ಬಿಡೋಕೂ ಆಗದೆ ಸಾಯ್ತಿದೆ. ಸಾಲದ್ದಕ್ಕೆ, ಬಿದ್ದ ತಕ್ಷಣ ತಾನಾಗೇ ಎದ್ದೇಳು ಅಂತ ಬೇರೆ ಹೇಳಿಟ್ಟಿದ್ದಾರೆ."

ಎಕುಬಾ ಪಿಸುಗುಟ್ಟಿದಳು, "ಹೆಣ ಕೊಯ್ಯೋ ಪೊಲೀಸ್ ಡಾಕ್ಟರ್ ಬಂದ್ರು."

ಎಬೋ ಕೇಳಿಸಿಕೊಂಡು ನಕ್ಕ. ಒಳಗಿನ ಡಿಸ್ಕಿನಿಂದ ಎಕುಬಾಳ ಮಕ್ಕಳ ಹಾಡು, ಸಿನಿಮಾ ಒಂದಿಷ್ಟು ತೆಗೆಸಿ ಸ್ವಲ್ಪ ಜಾಗ ಕೊರೆದ. ಸಾಯುವಾಗಿನ ಮಾತನ್ನು ಅಲ್ಲಿ ಬರೆ ಎಂದು ಗೊತ್ತುಮಾಡಿದ. ತಾನಾಗಿ ಏಳಬೇಡ ಎಂದೂ ಹೇಳಿಟ್ಟ.

"ಅಂದ್ರೆ ವಾಸಿ ಆಯ್ತಾ?" ಎಂದಳು ಮನ್ಸಾ.

"ಇಲ್ಲ."

"ಮತ್ತೆ ಮುಂದೆ?"

"ಇನ್ನೊಂದ್ಸಲ ಸಾಯ್ಲಿ."

ಮನ್ಸಾ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು. "ಮಾಸ್ಟರ್, ಇದು ಇನ್ನೊಂದ್ಸಲ ಸತ್ರೆ ನನ್ನ ಅಂಗಡೀನೇ ಸಾಯುತ್ತೆ! ಕುಲದ ಹಿರಿಯರು ಬಾಯಿ ಬಿಟ್ಟು ಹೇಳಿದ್ದಾರೆ. ಒರೆಸಿ ಹೊಸದಾಗಿ ಹಾಕೋದಾದ್ರೆ ಹಾಕಿಬಿಡಿ."

"ಹಾಕ್ತೀನಿ. ಇವತ್ತು ಓಡುತ್ತೆ. ಯಾಕೆ ಸತ್ತಿತು ಅನ್ನೋದೂ ಒರೆಸಿ ಹೋಗಿರುತ್ತೆ. ಆಮೇಲೆ ಯಾವ ದೊಡ್ಡ ಸಾವಿನ ದಿನ ಮತ್ತೆ ಬೀಳುತ್ತೋ ನನಗೂ ಗೊತ್ತಿರಲ್ಲ, ನಿಮಗೂ ಗೊತ್ತಿರಲ್ಲ. ನೀವೇ ಹೇಳಿ."

ಅವಳು ಬುಟ್ಟಿಯ ಹಿಡಿಯನ್ನು ತಿರುವುತ್ತ ಕೂತಳು. ಗಂಡ ಜ್ವರದಲ್ಲಿ ಮಲಗಿದವನು ಒಂದು ಮಾತೂ ಆಡದೆ ಹೋಗಿದ್ದ. ಆ ಯೋಚನೆ ಬಂತೋ, ಅಥವಾ ಈ ಮನುಷ್ಯನ ಮುಖದಲ್ಲಿ ಅವಸರ ಇಲ್ಲದ್ದು ಕಂಡಿತೋ, "ಸರಿ, ಕಾಯೋಣ," ಎಂದುಬಿಟ್ಟಳು.

"ಬಿದ್ದಾಗ ನೀಲಿ ಪರದೆ ಹಾಗೇ ನಿಂತಿರುತ್ತೆ. ಯಾರೂ ಗುಂಡಿ ಒತ್ತಬಾರದು. ನನಗೆ ಫೋನ್ ಮಾಡಿ, ಅಷ್ಟೆ."

ದೊಡ್ಡ ಸಾವು ಬರಲು ತಡವಾಗಲಿಲ್ಲ. ಮೀನು ಮಾರುವವರಿಗೆಲ್ಲ ಯಜಮಾನಿಯಾಗಿದ್ದ ಮುದುಕಿಯೊಬ್ಬಳು ತೀರಿಕೊಂಡಳು. ಎಗ್ಯಾ ಓಟು ಅವರ ಬೀಗರ ಮನೆಯವಳೇ. ಆಕೆಯ ಮಕ್ಕಳು ಹುಟ್ಟಿದಾಗಿನಿಂದ ತೆಗೆಸಿದ ಫೋಟೋಗಳೆಲ್ಲವನ್ನೂ ತಂದು ಸುರಿದರು. ಗುರುವಾರ ಬೆಳಿಗ್ಗೆ ಮುಖಪುಟ ಒಪ್ಪಿಗೆಯೇ ನೋಡಲು ಓಟು ಖುದ್ದು ಬಂದರು, ಕಾರು ಓಡಿಸಿಕೊಂಡು ಕೋಬಿನಾ ಬಂದ.

"ಆ ಚಿನ್ನದ ಸರ ಸ್ವಲ್ಪ ಹೊಳೆಯೋ ಹಾಗೆ ಮಾಡಮ್ಮ," ಎಂದರು ಓಟು. "ಬದುಕಿದ್ದಾಗ ಅದನ್ನ ತೋರಿಸದೆ ಒಂದು ಮಾತೂ ಆಡ್ತಿರಲಿಲ್ಲ ಅವಳು."

ಎಕುಬಾ ಫೋಟೋ ದೊಡ್ಡದು ಮಾಡಿದಳು. ಸರ ಹೊಳೆಯಿತು, ಮುದುಕಿ ನಕ್ಕಳು, ಪರದೆ ನೀಲಿಯಾಯಿತು.

ಬಿಳಿ ಅಕ್ಷರದ ಸಾಲುಗಳು ನೀಲಿಯ ಮೇಲೆ ಹಾಗೇ ನಿಂತವು.

"ನೋಡಿದ್ರಾ ಅಜ್ಜ?" ಎಂದ ಕೋಬಿನಾ. "ನಾನು ಹೇಳಿರಲಿಲ್ವಾ? ಸರಿ ನನ್ನ ಹೆಂಡ್ತೀ, ಸ್ವಲ್ಪ ಜರುಗು. ಆರಿಸಿ ಹಚ್ಚಿದ್ರೆ ಸರಿಹೋಗುತ್ತೆ." ಅವನ ಬೆರಳು ಗುಂಡಿಯ ಕಡೆ ಹೋಯಿತು.

ಮನ್ಸಾ ಕಂಪ್ಯೂಟರಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. "ಮುಟ್ಟಬೇಡ!"

"ಕೆಟ್ಟು ನಿಂತಿದೆಯಲ್ಲ!"

"ಕೆಟ್ಟಿದೆ, ಹೌದು. ಆದ್ರೆ ಏನೋ ಹೇಳ್ತಿದೆ. ಹೇಳಿ ಮುಗಿಸ್ಲಿ." ಅವಳು ಓಟು ಅವರ ಕಡೆ ತಿರುಗಿದಳು. "ಎಗ್ಯಾ, ಎಬೋ ಮಾಸ್ಟರ್ ಬರೋವರೆಗೆ ಕಾಯಿರಿ. ಆಮೇಲೆ ಬೀಗದ ಕೈ ಕೇಳಿದ್ರೆ ನಾನೇ ನಿಮ್ಮ ಕೈಲಿಡ್ತೀನಿ."

ಓಟು ಅವಳ ಮುಖ ನೋಡಿದರು. ಕುರ್ಚಿ ಎಳೆದುಕೊಂಡು ಕೂತರು. "ಕೋಬಿನಾ, ನನಗೆ ಕುಡಿಯೋಕೆ ತಣ್ಣಗಿನ ನೀರು ತಗೊಂಡು ಬಾ," ಎಂದರು.

ಎಬೋ ಬಂದ. ಕೈಯಲ್ಲಿ ಬಾಳೆಕಾಯಿ ಇತ್ತು. ಹಿರಿಯರಿಗೆ ತಲೆಬಾಗಿ, ನೀಲಿ ಪರದೆಯನ್ನು ಓದಿ, ಆರಿಸಿ ಹಚ್ಚಿ, ಅದು ಸುರಿದು ಹೋಗಿದ್ದನ್ನು ತೆಗೆದು ನೋಡಿದ. ಹುಬ್ಬು ಗಂಟಿಕ್ಕಿತು.

"ಜಾಗ ಸಾಲದೆ ಸತ್ತಿದೆ. ಮೇಜು ತುಂಬಿದೆ, ಮೂಟೇಗೆ ಹಾಕೋಣ ಅಂತ ಇದು ನೋಡಿದೆ, ಮೂಟೇನೇ ಇರಲಿಲ್ಲ. ನಾನು ಕೊರೆದ ಆ ಚೂರು ಜಾಗ ಬಿಟ್ರೆ ಏನೂ ಇಲ್ಲ." ಡ್ರಾಯರನ್ನು ಮುಟ್ಟಿ ನೋಡಿದ. "ಡಿಸ್ಕ್ ಇಲ್ಲೇ ಇದೆಯಲ್ಲ. ಬೆಳಿಗ್ಗೆಯಿಂದ ಇತ್ತಾ?"

"ನಾನು ಬಂದಾಗಿನಿಂದ ಇದೆ," ಎಂದಳು ಮನ್ಸಾ.

"ನೀವು ಬರೋ ಹೊತ್ತಿಗೆ ಕಂಪ್ಯೂಟರ್ ಓಡ್ತಿತ್ತಾ?"

"ಓಡದೆ?" ಎಂದಳು ಎಕುಬಾ. "ಇನ್ನೊಂದು ಬೀಗದ ಕೈ ನನ್ನ ಹತ್ರ ಇರುತ್ತೆ. ಬಂದ ಕೂಡ್ಲೆ ಹಚ್ತೀನಿ. ಆಂಟಿ ಬಂದು ಡಿಸ್ಕ್ ತಳ್ತಾರೆ, ಫೋಟೋ ಎಲ್ಲ ಕಾಣಿಸ್ಕೊಳ್ಳುತ್ತೆ."

"ಫೋಟೋ ಕಾಣುತ್ತೆ ತಾಯಿ. ಆದ್ರೆ ಮೂಟೆ ಎಲ್ಲಿದೆ ಅಂತ ಅದು ನೋಡೋದು ಏಳುವಾಗ ಒಂದೇ ಸಲ. ಆಗ ಇಲ್ಲದಿದ್ರೆ ದಿನಪೂರ್ತಿ ಇಲ್ಲ ಅಂತಲೇ ತಿಳ್ಕೊಂಡಿರುತ್ತೆ. ಏಳುವಾಗ ನಿಮಗೆ ಏನೂ ಹೇಳಲ್ವಾ?"

ಎಕುಬಾ ತಲೆ ಕೆರೆದುಕೊಂಡಳು. "ಒಂದು ಚಿಕ್ಕ ಪೆಟ್ಟಿಗೆ ಬರುತ್ತೆ. ದಿನಾ ಬರುತ್ತೆ, ದಿನಾ ಮುಚ್ತೀನಿ."

"ಏನು ಬರೆದಿರುತ್ತೆ?"

"ಓದಿದ್ರೆ ತಾನೆ ಗೊತ್ತಾಗೋದು."

ಎಬೋ ತನ್ನ ಹಣೆಗೇ ಹೊಡೆದುಕೊಂಡ. "ನಾನೇನು ಕಡಿಮೆ? ಅವತ್ತು ಬಂದವನೇ ಆರಿಸಿ ಹಚ್ಚಿದೆ. ಡಿಸ್ಕ್ ಒಳಗಿತ್ತು, ಎಲ್ಲ ಸರಿಯಾಗಿ ಕಂಡಿತು. ಬೆಳಿಗ್ಗೆ ಬಂದು ಒಂದು ದಿನ ಸುಮ್ಮನೆ ಕೂತಿದ್ರೆ ಆವತ್ತೇ ತಿಳೀತಿತ್ತು." ಆಮೇಲೆ ಮನ್ಸಾಳ ಕಡೆ ತಿರುಗಿದ. "ಆರ್ಹಿನ್ ಇದ್ದಾಗ ಅಂಗಡಿ ಬಾಗಿಲು ತೆಗೀತಿದ್ದೋರು ಯಾರು?"

"ಅವರೇ."

"ಡಿಸ್ಕ್ ತರ್ತಿದ್ದೋರು?"

"ಅವರೇ. ಮೊದಲು ಅದನ್ನ ತಳ್ಳಿ, ಆಮೇಲೆ ಗುಂಡಿ..." ಅವಳ ಕೈ ತಾನಾಗಿ ಬಾಯಿಗೆ ಹೋಯಿತು.

ಎಗ್ಯಾ ಓಟು ಕೋಲಿನ ಮೇಲೆ ಗಲ್ಲ ಇಟ್ಟುಕೊಂಡು ಎಲ್ಲ ಕೇಳುತ್ತಿದ್ದರು. "ನೀನು ಯಾಕೆ ತಡವಾಗಿ ಬರ್ತೀಯ ಮನ್ಸಾ?"

"ಅತ್ತೆಗೆ ಗಂಜಿ ಕುಡಿಸಿ ಬರಬೇಕಲ್ಲ ಎಗ್ಯಾ. ಅವರಿಗೆ ಗುಟುಕು ಗುಟುಕಾಗೇ ಇಳಿಯೋದು. ಅವಸರ ಮಾಡಿದ್ರೆ ನೆತ್ತಿಗೆ ಹತ್ತುತ್ತೆ."

ಆ ಅತ್ತೆ ಓಟು ಅವರ ಸ್ವಂತ ತಂಗಿ. ಮುದುಕರು ಎಬೋನ ಕಡೆ ತಿರುಗಿ ಕೇಳಿದರು, "ಅಂದ್ರೆ ನನ್ನ ತಂಗಿ ಗಂಜಿ ಕುಡಿದದ್ದಕ್ಕೆ ಇದು ಸತ್ತಿತೇನಪ್ಪಾ?"

"ಗಂಜಿಯ ತಪ್ಪಿಲ್ಲ ಎಗ್ಯಾ. ಯಾರ ತಪ್ಪೂ ಇಲ್ಲ. ಮೊದಲು ಒಬ್ಬರು ಮಾಡ್ತಿದ್ದ ಕೆಲಸ ಇಬ್ಬರಿಗೆ ಹಂಚಿಹೋಯ್ತು. ಅದನ್ನ ಕಂಪ್ಯೂಟರಿಗೆ ಯಾರೂ ಹೇಳಲಿಲ್ಲ."

ಓಟು ಕೋಬಿನಾನ ಕಡೆ ನೋಡಿದರು. "ನಾಳೆಯಿಂದ ನೀನು ಬಂದು ನಿನ್ನ ಅಜ್ಜಿಗೆ ಗಂಜಿ ಕುಡಿಸ್ತೀಯಾ?"

"ನಾನಾ? ಅಜ್ಜ, ನನಗೆ ಅಷ್ಟು ದೂರ ಕಾಸೋವಾ ಪೇಟೇಲಿ ಅಂಗಡಿ..."

"ಹಾಗಾದ್ರೆ ಬೀಗದ ಕೈ ಇದ್ದಲ್ಲೇ ಇರಲಿ. ಇನ್ನು ಈ ಮಾತು ನನ್ನ ಮುಂದೆ ಯಾರೂ ಎತ್ತಬೇಡಿ."

ಕೋಬಿನಾ ಕೆಟ್ಟವನಲ್ಲ. ತಲೆ ಕೆರೆದುಕೊಂಡು ನಕ್ಕ. "ನನ್ನ ಹೆಂಡ್ತಿ ಗೆದ್ದಳು. ಸರಿ, ಹಾಳೆ ಮಡಚೋಕೆ ಯಾರಾದ್ರೂ ಬೇಕಾ?" ಎಂದು ಅಂಗಿಯ ತೋಳು ಮಡಿಸಿದ. ಎಬೋ ಆ ಮಧ್ಯಾಹ್ನವೇ ಒಳಗಿನ ಡಿಸ್ಕನ್ನು ಚೊಕ್ಕಟ ಮಾಡಿ ಇಡೀ ಮೂಟೆಯನ್ನು ಅಲ್ಲಿಗೇ ಸಾಗಿಸಿದ. ಮನ್ಸಾ ಎಷ್ಟು ಹೊತ್ತಿಗಾದರೂ ಬರಲಿ, ಇನ್ನು ಯಂತ್ರಕ್ಕೆ ಅದರ ಗೊಡವೆ ಇರಲಿಲ್ಲ. ಶನಿವಾರ ಮೀನಿನ ಯಜಮಾನಿಯ ಪೆಂಡಾಲಿನಲ್ಲಿ ಎಲ್ಲರ ಕೈಯ ಪುಸ್ತಿಕೆಯಲ್ಲೂ ಅವಳು ಚಿನ್ನದ ಸರ ಹೊಳೆಸುತ್ತ ಗಾಳಿ ಬೀಸಿದಳು.

ಅಲ್ಲಿಂದ ಮುಂದೆ ಎಬೋ ಸಂಜೆ ಹೊತ್ತು ಅಂಗಡಿಯ ಮುಂದೆ ಬಂದು ಕೂರುವುದು ರೂಢಿಯಾಯಿತು. ಮಾತು ಕಡಿಮೆ. ಮನ್ಸಾ ಹಾಳೆ ಮಡಚುವಾಗ ಅವನೂ ಒಂದು ಕಟ್ಟು ಎಳೆದುಕೊಂಡು ಮಡಚುತ್ತಿದ್ದ, ಅದೂ ನಿಧಾನವಾಗಿ, ಅಂಚಿಗೆ ಅಂಚು ಕೂಡಿಸಿ. "ಮಾಸ್ಟರ್, ನೀವು ಮಡಚೋಷ್ಟರಲ್ಲಿ ಇನ್ನೊಬ್ಬರು ಸಾಯ್ತಾರೆ," ಎಂದು ಎಕುಬಾ ರೇಗಿಸುತ್ತಿದ್ದಳು. ಅವನಿಂದ ಅವಳು ಒಂದು ವಿಷಯ ಮಾತ್ರ ಕಲಿತಳು, ಬೆಳಗಿನ ಪೆಟ್ಟಿಗೆಗಳನ್ನು ಓದಿ ಮುಚ್ಚುವುದು. ಊರಿನ ಬೇರೆಯವರಿಗೆ ಅವನಿಂದ ಏನೂ ಕಲಿಯಲಾಗಲಿಲ್ಲ, ಅಷ್ಟು ತಾಳ್ಮೆ ಯಾರಿಗೂ ಇರಲಿಲ್ಲ.

ವರ್ಷಗಳು ಹೋದವು. ಮನ್ಸಾಳ ಅತ್ತೆ ತೀರಿದಳು, ಎಗ್ಯಾ ಓಟು ತೀರಿದರು. ಇಬ್ಬರ ಪುಸ್ತಿಕೆಯೂ ಅದೇ ಅಂಗಡಿಯಲ್ಲಾಯಿತು. ಆಮೇಲೆ ಎಬೋನ ಕಾಲು ಊದಲು ಶುರುವಾಯಿತು. ಚಪ್ಪಲಿ ಹತ್ತದಾದಾಗಲೂ ಅವನು ಕಂಟೇನರಿಗೆ ಬರುವುದು ಬಿಡಲಿಲ್ಲ. ಕೊನೆಗೆ ಮೂತ್ರಪಿಂಡ ಕೈಬಿಟ್ಟಿದೆ ಎಂದು ಡಾಕ್ಟರು ಹೇಳಿ ಆಸ್ಪತ್ರೆಯಲ್ಲಿ ಮ‍ಲಗಿಸಿದರು. ಕುಮಾಸಿಯಿಂದ ಹೆಂಡತಿ ಬಂದು ಹಾಸಿಗೆಯ ಪಕ್ಕ ಚಾಪೆ ಹಾಸಿಕೊಂಡಳು. ಎಲ್ಲಿ ನೋವು ಎಂದು ಅವಳು ಕೇಳಿದರೆ ಅವನು ಪೂರ್ತಿ ವಿವರವಾಗಿ ಹೇಳುತ್ತಿದ್ದ.

ಮನ್ಸಾ ಉಪ್ಪು ಹಾಕದ ತಿಳಿಸಾರು ಮಾಡಿಕೊಂಡು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಅವನು ಎರಡು ಚಮಚ ಕುಡಿದು, ಸಾಕೆಂದು ಕೈ ಆಡಿಸಿದ. ಹೆಂಡತಿ ನೀರು ತರಲು ಹೊರಗೆ ಹೋಗಿದ್ದಳು.

"ಆಂಟಿ, ನನ್ನ ಮೇಜಿನ ಮೇಲೆ ಒಂದು ಕಂಪ್ಯೂಟರ್ ಇದೆ. ನ್ಯಾಕ್ರೋಮ್ ಊರಿನ ಚರ್ಚಿನ ಹಾಡುಗಾರರ ಯಜಮಾನನದು. ಅವರು ಹಾಡಿದ್ದೆಲ್ಲ ಅದರೊಳಗಿದೆ."

"ರಿಪೇರಿ ಆಗಿದೆಯಾ?"

"ಇಲ್ಲ. ಸಾಯುವಾಗ ಸುರಿದದ್ದು ಒಳಗಿದೆ, ನಾನಿನ್ನೂ ನೋಡಿಲ್ಲ." ಉಸಿರು ಕೂಡಿಕೊಳ್ಳಲು ಸ್ವಲ್ಪ ನಿಂತ. "ಕಂಟೇನರ್ ಬೇರೆಯವರಿಗೆ ಹೋಗುತ್ತೆ. ಬರೋ ಹುಡುಗರು ಮೊದಲು ಒರೆಸೋದೇ. ನಿಮ್ಮ ಅಂಗಡೀಲಿ ಒಂದು ಮೂಲೆ ಕೊಡ್ತೀರಾ ಅದಕ್ಕೆ?"

"ಮೂಲೆ ಏನು ಮಾಸ್ಟರ್, ಮೇಜೇ ಕೊಡ್ತೀನಿ. ಆದ್ರೆ ನನ್ನ ಹತ್ರ ಇಟ್ಟು ಏನು ಪ್ರಯೋಜನ? ಅದನ್ನ ಓದೋಕೆ ನನಗೆ ಬರುತ್ತಾ?"

"ಓದೋದು ಬೇಡ. ಓದೋಕೆ ಬರೋನು ಯಾವತ್ತೋ ಒಬ್ಬ ಬರ್ತಾನೆ. ಅಲ್ಲೀವರೆಗೆ ಯಾರಿಗೂ ಒರೆಸೋಕೆ ಬಿಡಬೇಡಿ." ಕಿಟಕಿಯಾಚೆ ಉತ್ತರದ ಒಣಗಾಳಿ ಎದ್ದು ಆಕಾಶವೆಲ್ಲ ಮಸುಕಾಗಿತ್ತು. ಅವನು ಅದನ್ನೇ ನೋಡುತ್ತ ಹೇಳಿದ, "ಮೇಲೆ ಒಂದು ಬಟ್ಟೆ ಮುಚ್ಚಿ ಆಂಟಿ. ದೂಳು ಶುರುವಾಯ್ತು."